ಮಂದ್ರವೀಣೆಗೆ ಮೂರು ಸುರುಳಿ

ಬಹುಕಾಲದ ಹಿಂದೆ ಏಳು ಗುಡ್ಡಗಳ ನಡುವೆ ಒಂದು ರಾಜ್ಯವಿತ್ತು. ಅದರ ಕೋಟೆಯ ಕೆಳಗಿನ ಗವಿಯಲ್ಲಿ ಊರಿಗಿಂತ ಉದ್ದದ ಸರ್ಪವೊಂದು ಮಲಗಿತ್ತು. ಅದು ಎದ್ದರೆ ಕೋಟೆ ಉಳಿಯುವಂತಿರಲಿಲ್ಲ. ಅದಕ್ಕಾಗಿ ಆಸ್ಥಾನದ ಸಿಂಗಯ್ಯಜ್ಜ ದಿನವೂ ನಡುಮಧ್ಯಾಹ್ನ ಗವಿಯ ಬಾಯಲ್ಲಿ ಕುಳಿತು ಮಂದ್ರವೀಣೆ ನುಡಿಸುತ್ತಿದ್ದ. ಆ ವೀಣೆಗೆ ಮೆಟ್ಟುಗಳಿರಲಿಲ್ಲ; ಬೆರಳು ನಿಂತಲ್ಲೇ ಸ್ವರ. ಅದರ ತಗ್ಗುದನಿ ಎಲ್ಲೂ ಕಡಿಯದೆ ಜಾರಿ ಇಳಿದರೆ ಸರ್ಪಕ್ಕೆ ನಿದ್ದೆ.

ರಾಜ್ಯದ ಮೇಲೆ ಕಣ್ಣಿಟ್ಟಿದ್ದ ಮಾಂತ್ರಿಕ ಕಾಳಭಸ್ಮ ಒಂದು ದಿನ ಅಜ್ಜನ ಕೈಗಳನ್ನು ಕಲ್ಲು ಮಾಡಿದ, ವೀಣೆಯ ತಂತಿಗಳನ್ನೆಲ್ಲ ಸುಟ್ಟ. ಅಜ್ಜನಿಗಿದ್ದವಳು ಒಬ್ಬಳೇ ಶಿಷ್ಯೆ, ಬಣ್ಣಗಾರರ ಮಗಳು ಜಕ್ಕವ್ವ. ಅವಳು ಕಲಿಯತೊಡಗಿ ಒಂದೂವರೆ ತಿಂಗಳಾಗಿತ್ತು ಅಷ್ಟೆ. ಕಾಡಿನಲ್ಲಿ ತಂತಿ ಎಳೆಯುವ ಹುಲಿಯೊಂದಿದೆ, ಅದು ಒಬ್ಬರಿಗೆ ಒಂದೇ ಸುರುಳಿ ಕೊಡುತ್ತದೆ, ನಾಳೆ ಮಧ್ಯಾಹ್ನದೊಳಗೆ ತರಬೇಕು ಎಂದ ಅಜ್ಜ.

ಜಕ್ಕವ್ವ ವೀಣೆ ಹೊತ್ತು ನಡೆದಳು. ಬೆಳಕು ಹರಿಯುವ ಹೊತ್ತಿಗೆ ಹುಲಿಯ ಮನೆ ಸಿಕ್ಕಿತು. ಹುಲಿ ಅವಳ ಮುಂದೆ ಮೂರು ಸುರುಳಿ ಇಟ್ಟು, ಕಟ್ಟಿ ನೋಡು ಎಂದಿತು.

ಮೊದಲನೆಯದು ಉಕ್ಕಿನ ತಂತಿ, ಮೈತುಂಬ ಗರಗಸದಂಥ ಸುತ್ತು. ಮೀಟಿದರೆ ಗುಡುಗಿನಂತೆ ಮೊಳಗಿತು. ಬೆರಳು ಜಾರಿಸಿದಾಗ ಮಾತ್ರ ಕರಕರ ಸದ್ದು. ಬೆರಳು ಸೀಳಿ ರಕ್ತ ಬಂತು, ವೀಣೆಯ ಹಲಗೆಯ ಮೇಲೆ ಗೀರು ಬಿತ್ತು. ಅವಳು ಬಿಚ್ಚಿಟ್ಟಳು.

ಎರಡನೆಯದು ಬಂಗಾರದ್ದು. ಅದನ್ನು ಮುಟ್ಟಿದ್ದೇ ತಡ, ಬೆರಳುಗಳು ತಾವಾಗಿಯೇ ಓಡಿದವು, ಒಂದು ಸ್ವರವೂ ತಪ್ಪಲಿಲ್ಲ. ಜಕ್ಕವ್ವನಿಗೆ ಹಿಗ್ಗಾಯಿತು. ಸ್ವಲ್ಪ ಹೊತ್ತಿಗೆ ನಿಲ್ಲಿಸಲು ನೋಡಿದರೆ ಕೈ ಅವಳ ಮಾತು ಕೇಳಲಿಲ್ಲ. ತಂತಿ ತನಗೆ ಬೇಕಾದ್ದನ್ನೇ ನುಡಿಸುತ್ತಿತ್ತು, ಉಸಿರು ಕಟ್ಟುವವರೆಗೂ. ಕೊನೆಗೆ ತಂತಿಯನ್ನು ಹಲ್ಲಿನಿಂದ ಕಚ್ಚಿ ಹರಿದು ಕೈ ಬಿಡಿಸಿಕೊಂಡಳು.

ಮೂರನೆಯದು ಮಂಕು ಬಣ್ಣದ್ದು. ಒಳಗೆ ತೆಳು ಉಕ್ಕು, ಹೊರಗೆ ಚಪ್ಪಟೆ ರೇಷ್ಮೆಪಟ್ಟಿ. ಸದ್ದು ಸಣ್ಣದು, ಆದರೆ ಬೆರಳು ನೀರಿನ ಮೇಲೆ ಹೋದಂತೆ ಹೋಯಿತು.

"ಇಷ್ಟು ಮೆತ್ತನೆ ದನಿ ಸರ್ಪಕ್ಕೆ ಕೇಳಿಸುತ್ತದೆಯೇ?" ಎಂದು ಅವಳು ಕೇಳಿದಳು.

"ನನಗೆ ತಿಳಿಯದು," ಎಂದಿತು ಹುಲಿ. "ನುಡಿಸುವವಳು ನೀನು."

ಜಕ್ಕವ್ವ ಅದನ್ನೇ ಕಟ್ಟಿಕೊಂಡು ಓಡಿದಳು.

ಅವಳು ಬರುವಾಗ ಸೂರ್ಯ ನೆತ್ತಿಗೇರಿದ್ದ. ಗವಿಯ ಬಾಯಲ್ಲಿ ಸರ್ಪದ ಹೆಡೆ ಎದ್ದು ನಿಂತಿತ್ತು, ಕಲ್ಲುಗಳು ಉರುಳುತ್ತಿದ್ದವು. ಅವಳು ಕುಳಿತು ಮೀಟಿದಳು. ಎರಡನೆಯ ಸ್ವರವೇ ತಪ್ಪಿತು. ಸರ್ಪ ಅವಳತ್ತ ತಿರುಗಿತು. ಅದರ ಬಿಸಿಯುಸಿರು ಮುಖಕ್ಕೆ ಬಡಿದರೂ ಅವಳು ಬೆರಳೆತ್ತಲಿಲ್ಲ. ಎಳ್ಳಷ್ಟು ಜಾರಿಸಿದಳು. ಸ್ವರ ಸರಿಯಾಗಿ ಕೂತಿತು. ಮತ್ತೆ ತಪ್ಪಿತು, ಮತ್ತೆ ಜಾರಿಸಿದಳು. ದನಿ ಎಲ್ಲೂ ಕಡಿಯಲಿಲ್ಲ. ಹೆಡೆ ಗೇಣು ಗೇಣಾಗಿ ತಗ್ಗಿತು.

ಆಗ ಕಾಳಭಸ್ಮ ಬಂಡೆಯ ಮೇಲೆ ಕಾಣಿಸಿಕೊಂಡು, ತಂತಿ ಹರಿಯಲೆಂದು ಗಟ್ಟಿಯಾಗಿ ಮಂತ್ರ ಕೂಗಿದ. ಕಣ್ಣು ಮುಚ್ಚುತ್ತಿದ್ದ ಸರ್ಪಕ್ಕೆ ಆ ಕೂಗು ಸಹಿಸಲಾಗಲಿಲ್ಲ. ಅದು ಒಮ್ಮೆ ಬಾಯಿ ತೆರೆದು ಮುಚ್ಚಿತು. ಬಂಡೆಯ ಮೇಲೆ ಯಾರೂ ಇರಲಿಲ್ಲ. ಜಕ್ಕವ್ವ ಕೊನೆಯ ಸ್ವರದವರೆಗೆ ನುಡಿಸಿದಳು. ಸರ್ಪ ಸುರುಳಿ ಸುತ್ತಿ ಮಲಗಿತು.

ಮಾಂತ್ರಿಕನೊಂದಿಗೆ ಅವನ ಮಾಟವೂ ಅಳಿಯಿತು. ಆ ಮಾಟದಿಂದಲೇ ಹುಲಿಯಾಗಿ ಕಾಡು ಸೇರಿದ್ದ ತಂತಿ ಎಳೆಯುವವನು ಮೊದಲಿನಂತೆ ಮನುಷ್ಯನಾಗಿ ಊರಿಗೆ ಬಂದ. ಸಿಂಗಯ್ಯಜ್ಜ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡ. ಆಮೇಲೆ ಶಿಷ್ಯೆಯ ಪಕ್ಕ ಕುಳಿತು, ತಂತಿಯ ಮೇಲಿದ್ದ ಅವಳ ಬೆರಳನ್ನು ಹಿಡಿದು ಕೂದಲೆಳೆಯಷ್ಟು ಸರಿಸಿದ.

"ಇಲ್ಲಿ, ಮಗಳೇ," ಎಂದ. "ಇನ್ನೊಮ್ಮೆ."

ಏಳು ಗುಡ್ಡದ ಜನ ಆ ದನಿ ಕೇಳುತ್ತಾ ಉಂಡು, ನಕ್ಕು, ನೆಮ್ಮದಿಯಾಗಿ ಬಾಳಿದರು.