ಹನ್ನೆರಡಾಗುವವರೆಗೆ

"ಚಾ ಬಿಟ್ಟೀನಿ ಅಂದಿದ್ರಲ್ಲಾ... ಇದೇನ್ರಿ?"

ಆದೋನಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಆ ದನಿ ಕೇಳಿ ಲಕ್ಷ್ಮಿಕಾಂತ ಚಹಾದ ಗ್ಲಾಸು ಕೆಳಗಿಟ್ಟ. ಪೇಟೆಗೆಂದು ಬಂದಿದ್ದ ಹೆಂಡತಿ ನಾಗಜ್ಯೋತಿ ಬಾಗಿಲಲ್ಲೇ ನಿಂತಿದ್ದಳು. ಅವನ ಎದುರಿನ ಕುರ್ಚಿಯಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನ ಸುಷ್ಮಾ!

ಮದುವೆಯಾದಾಗಿನಿಂದ ಮಧ್ಯಾಹ್ನದ ಊಟವಾದೊಡನೆ ಒಂದೇ ಲೋಟದ ಚಹಾವನ್ನು ಗಂಡ ಹೆಂಡತಿ ಹಂಚಿಕೊಂಡು ಕುಡಿಯುತ್ತಿದ್ದರು. ಮಂದಿ ತುಂಬಿದ ಮನೆಯಲ್ಲಿ ಅವರಿಬ್ಬರಿಗೇ ಅಂತ ಇದ್ದದ್ದು ಅದೊಂದೇ ಹೊತ್ತು. ಹೋದ ತಿಂಗಳು ಅವನು ಥಟ್ಟನೆ, "ಇಬ್ರೂ ಚಾ ಬಿಡೋಣು, ಹೊಟ್ಟಿ ಉರಿತೈತಿ" ಎಂದಿದ್ದ. ಅವಳು ಮರುಮಾತಿಲ್ಲದೆ ಬಿಟ್ಟಿದ್ದಳು.

ನನಗೆ ಬಿಡಿಸಿ, ಇವಳ ಜೊತೆ ಕುಡಿಯೋದಾ...?

"ನಾ ಎಮ್ಮಿಗನೂರಿಗೆ ಹೋಗ್ತೀನಿ, ಅವ್ವನ ಮನಿಗೆ. ನೀವು ಆರಾಮ ಕುಡೀರಿ!"

"ಅಕ್ಕಾ, ನಿಲ್ರಿ!" ಸುಷ್ಮಾ ಎದ್ದು ತನ್ನ ಕುರ್ಚಿಯನ್ನು ಅವಳತ್ತ ಸರಿಸಿದಳು. "ನಿಮ್ಮ ಮುಂದಿನ ಪರೀಕ್ಷಿ ಯಾವಾಗ ಅಂತ ಕೇಳಾಕ ಬಂದಾರ. ಅಣ್ಣಾ, ಇನ್ನಾದ್ರೂ ಹೇಳ್ರಿ!"

ಲಕ್ಷ್ಮಿಕಾಂತ ತಲೆ ತಗ್ಗಿಸಿದ.

"ನಿನ್ನ ರಿಪೋರ್ಟು ಚಲೋ ಬಂದೈತಿ ಅಂದಿದ್ದು ಸುಳ್ಳು, ಜ್ಯೋತಿ. ಹಿಮೋಗ್ಲೋಬಿನ್ ಹನ್ನೆರಡಾದ್ರೂ ಇರಬೇಕು. ನಿಂದು ಎಂಟೂವರಿ."

"ರಕ್ತದ ಕಣ ಸಣ್ಣಾಗ್ಯಾವ, ಮೈಯಾಗ ಕೂಡಿಟ್ಟ ಕಬ್ಬಿಣದಂಶನೂ ತೀರೈತಿ ಅಕ್ಕಾ," ಸುಷ್ಮಾ ಮೆಲ್ಲಗೆ ಹೇಳಿದಳು. "ಅಂಜಬ್ಯಾಡ್ರಿ, ಗುಳಿಗಿ ತಗೊಂಡ್ರ ಏರ್ತೈತಿ. ಉಂಡ ಕೂಡ್ಲೇ ಚಾ ಕುಡಿದ್ರ ಮಾತ್ರ ಕಬ್ಬಿಣ ಮೈಗೆ ಹತ್ತಂಗಿಲ್ಲ. ನಡುವ ಎರಡು ತಾಸು ಬಿಟ್ರ ಅಡ್ಡಿಲ್ಲ."

ಮೆಟ್ಟಿಲೇರಿದರೆ ಏದುಸಿರು... ಅವನು 'ಶಕ್ತಿ ಗುಳಿಗಿ' ಎಂದು ನುಂಗಿಸಿದ್ದು... ನಾಗಜ್ಯೋತಿಗೆ ಒಂದೊಂದಾಗಿ ಹೊಳೆಯಿತು.

"ನಿಮ್ಮಕ್ಕ ಬಾಣಂತನದಾಗ ರಕ್ತ ಇಲ್ದ ಹೋದ್ಲು. ಆ ಮಾತು ಕೇಳಿದ್ರ ನೀ ನಡುಗ್ತಿ. ಅದಕ್ಕ..."

"ಅದಕ್ಕ?" ಅವಳ ಕಣ್ಣು ತುಂಬಿ ಹರಿಯಿತು. "ರಕ್ತ ನಂದು. ನಿಮಗ ಗೊತ್ತು, ಈಕಿಗೆ ಗೊತ್ತು, ನನಗಷ್ಟ ಗೊತ್ತಿಲ್ಲ! ಕದ್ದು ಚಾ ಕುಡಿದಿದ್ದಕ್ಕಿಂತ ಇದು ದೊಡ್ಡ ಮೋಸ ಅಲ್ಲೇನ್ರಿ?"

ಅವನು ನೆಪ ಹುಡುಕಲಿಲ್ಲ.

"ಹೌದು. ಮೋಸ ಮಾಡೀನಿ."

ಆ ಒಂದು ಮಾತಿಗೆ ಅವಳು ಸುಷ್ಮಾ ಸರಿಸಿದ್ದ ಕುರ್ಚಿಯನ್ನು ಎಳೆದುಕೊಂಡಳು. ಕುಳಿತಳು.

"ಉಂಡಿಯೇನು?"

"ಇಲ್ಲ."

"ಇಂಕೋ ಟೀನಾ ಅನ್ನಾ?" ಇನ್ನೊಂದು ಚಹಾ ಬೇಕೇ ಎಂದು ಹೋಟೆಲಿನವನು ತೆಲುಗಿನಲ್ಲಿ ಕೇಳಿದ.

"ಟೀ ವದ್ದು," ಲಕ್ಷ್ಮಿಕಾಂತ ಬೇಡವೆಂದು ಕೈಯಾಡಿಸಿದ. "ಒಂದು ಪ್ಲೇಟು ಉಗ್ಗಾಣಿ."

ಬಿಸಿ ಮಂಡಕ್ಕಿಯ ಉಗ್ಗಾಣಿ ಬಂತು. ಲಕ್ಷ್ಮಿಕಾಂತ ತನ್ನ ಚಹಾವನ್ನು ದೂರ ಸರಿಸಿ, ಅವಳ ತಟ್ಟೆಗೆ ನಿಂಬೆಹೋಳು ಹಿಂಡಿದ. ಬಿದ್ದ ಬೀಜಗಳನ್ನು ಬೆರಳಿನಿಂದ ಆರಿಸಿ ತೆಗೆದ. ಸುಷ್ಮಾ ಯಾವಾಗಲೋ ಸದ್ದಿಲ್ಲದೆ ಹೋಗಿದ್ದಳು.

"ಕ್ಷಮಿಸ್ತೀ ಏನು?"

"ಹನ್ನೆರಡಾದ ದಿನ."

"ಅಲ್ಲಿತನ?"

"ನನ್ನ ರಿಪೋರ್ಟು ಮೊದಲು ನನ್ನ ಕೈಗೆ ಬರಬೇಕು. ಮತ್ತ..." ಅವಳ ದನಿ ಮೆತ್ತಗಾಯಿತು. "ಉಂಡು ಎರಡು ತಾಸಾದ ಮ್ಯಾಲ ಚಾ. ಒಂದ ಲೋಟ... ಇಬ್ರೂ."