ತಂತಿಯ ಜೋಕಾಲಿ

ಸತ್ತ ಉಪಗ್ರಹವೊಂದನ್ನು ಇಳಿಸಲೆಂದು ಅದಕ್ಕೆ ಹೊಸದಾಗಿ ಕಟ್ಟಿದ್ದ ಐದು ಕಿಲೋಮೀಟರ್ ಉದ್ದದ ತಂತಿ ಭೂಮಿಯತ್ತ ಜೋತುಬಿದ್ದಿತ್ತು. ಅದರಲ್ಲಿ ವಿದ್ಯುತ್ ಹರಿದಾಗ ಭೂಮಿಯ ಕಾಂತಕ್ಷೇತ್ರ ತಂತಿಯನ್ನು ಹಿಂದಕ್ಕೆ ಜಗ್ಗುತ್ತದೆ. ಹನಿ ಇಂಧನವೂ ಇಲ್ಲದೆ ಉಪಗ್ರಹ ಮೆಲ್ಲಗೆ ಕೆಳಗಿಳಿಯುತ್ತದೆ. 2058ರ ಆ ಬೆಳಿಗ್ಗೆ ಧಾರವಾಡದ ನಿಯಂತ್ರಣ ಕೊಠಡಿಯಲ್ಲಿ ವಿಜ್ಞಾನಿ ಡಾ. ನೀಲಗಂಗಾ ಹೂಗಾರ ಪರದೆಯ ಮೇಲೆ ಕಣ್ಣು ನೆಟ್ಟು ಕೂತಿದ್ದರು.

ತೊಡಕು ಒಂದೇ. ಜಗ್ಗುವ ಬಲವೇ ತಂತಿಯನ್ನು ತೂಗಲು ಹಚ್ಚುತ್ತದೆ, ಬರಬರುತ್ತ ತೂಗಾಟ ಹೆಚ್ಚುತ್ತದೆ. ಮಿತಿ ಮೀರಿದರೆ ತಂತಿ ಮಗುಚಿ, ಉಪಗ್ರಹಕ್ಕೇ ಸುತ್ತಿಕೊಂಡು ಹರಿದುಹೋಗುತ್ತದೆ. ಕಸ ಗುಡಿಸಲು ಹೋದವರು ಕಸ ಚೆಲ್ಲಿ ಬಂದಂತೆ! ಹಿಂದೆ ಎರಡು ತಂತಿಗಳು ಹಾಗೇ ಹರಿದಿದ್ದವು. ಇದೂ ಹರಿದರೆ ಅಂತರಿಕ್ಷದ ಕಸ ಇಳಿಸುವ ಈ ಯೋಜನೆಗೇ ಬೀಗ ಬೀಳುತ್ತಿತ್ತು. ಅದಕ್ಕೆಂದೇ ನೀಲಗಂಗಾ 'ಅಂಕುಶ' ಎಂಬ ಉಪಕರಣ ಕಟ್ಟಿದ್ದರು. ಬಲವು ತೂಗಾಟಕ್ಕೆ ಎದುರಾಗಿ ಬೀಳುವ ಹೊತ್ತಿನಲ್ಲಿ ಮಾತ್ರ ಅದು ವಿದ್ಯುತ್ ಬಿಡುತ್ತದೆ, ಉಳಿದಂತೆ ಸುಮ್ಮನಿರುತ್ತದೆ.

ಸುಮ್ಮನಿರುವುದನ್ನು ನೋಡಿಕೊಂಡು ಕೂರುವುದು ಸುಲಭವಲ್ಲ. ವಿದ್ಯುತ್ ಸೊನ್ನೆಗೆ ಇಳಿದದ್ದೇ ತಡ, ಪಾಳಿಯ ಮುಖ್ಯಸ್ಥ ದಸ್ತಗೀರ ಮುಲ್ಲಾ ಗಾಬರಿಯಾಗಿ ತಾವೇ ಗುಂಡಿ ಒತ್ತಿ ಚಾಲೂ ಮಾಡಿಬಿಟ್ಟರು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಅಂತರಿಕ್ಷಕ್ಕೂ ಸಲ್ಲುತ್ತದೆ. ತೂಗಾಟ ಮಿತಿಯ ಕೆಂಪು ಗೆರೆಯತ್ತ ಏರತೊಡಗಿತು.

"ಏನ್ ಮಾಡಿದ್ರೀ ಸಾಹೇಬ್ರ!" ನೀಲಗಂಗಾ ವಿದ್ಯುತ್ ಆರಿಸಿ ಮತ್ತೆ ಅಂಕುಶಕ್ಕೇ ಬಿಟ್ಟರು.

"ಮಷೀನ್ ಸತ್ತೈತಿ ಅನ್ಕೊಂಡೆ, ಮೇಡಮ್. ಕರೆಂಟೇ ಇರಲಿಲ್ಲ."

"ಸತ್ತಿಲ್ರೀ, ಸರಿಯಾದ ಹೊತ್ತಿಗೆ ಕಾಯಾಕತ್ತೈತಿ. ನಾಗರ ಪಂಚಮ್ಯಾಗ ಜೋಕಾಲಿ ಆಡೀರಿಲ್ಲೋ? ನಿಲ್ಲಬೇಕಂದ್ರ ಜೀಕೂದು ಬಿಡ್ತೀರೋ, ಇನ್ನಷ್ಟು ಜೀಕ್ತೀರೋ?"

ಮುಲ್ಲಾ ನಾಚಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ತಂತಿ ಒಮ್ಮೆ ತೂಗಿ ಬರಲು ಹೆಚ್ಚುಕಡಿಮೆ ಒಂದು ತಾಸು ಬೇಕು. ಆ ತಾಸು ಯಾರೂ ಚಹಾ ಮುಟ್ಟಲಿಲ್ಲ. ಕೊನೆಗೆ ತೂಗಾಟ ತುಸು ಇಳಿದಿತ್ತು. ಮರುದಿನದ ಹೊತ್ತಿಗೆ ತಂತಿ ನೆಟ್ಟಗೆ ನಿಂತಿತ್ತು.

ಮುಂದಿನ ಪಂಚಮಿಯೊಳಗೆ ಉಪಗ್ರಹ ವಾಯುಮಂಡಲ ಹೊಕ್ಕು ಉರಿದುಹೋಯಿತು. ನೀಲಗಂಗಾ ಪೇಢೆಯ ಡಬ್ಬಿ ತಂದರು.

"ಸುಟ್ಟು ಬೂದಿ ಆದದ್ದಕ್ಕ ಪೇಢೆ ಏನ್ರೀ?" ಮುಲ್ಲಾ ನಕ್ಕರು.

"ನನ್ನ ನೌಕರಿಯ ಮೊದಲ ಉಪಗ್ರಹ ರೀ ಇದು. 2026ರಾಗ ಏರಿಸಿದಾಗ ಓಣಿ ತುಂಬ ಪೇಢೆ ಹಂಚಿದ್ವಿ. ಈ ತಂತಿ ವಿದ್ಯಾ ಆಗೂ ಗೊತ್ತಿತ್ತು. ಆದ್ರ ಇಳಿಸೂದು ಹೆಂಗ ಅಂತ ಒಬ್ರೂ ಕೇಳಲಿಲ್ಲ, ನಾವೂ ಹೇಳಲಿಲ್ಲ."

ಹಗುರಾದ ಮನಸ್ಸಿನಿಂದ ಅವರು ಪೇಢೆ ಬಾಯಿಗಿಟ್ಟುಕೊಂಡರು. ಹಿಂದಿನ ಪೇಢೆಗಿಂತ ಇದೇ ರುಚಿ ಎನ್ನಿಸಿತು. ಆ ಹಳೆಯ ಪೇಢೆ ಹಂಚುತ್ತಿದ್ದ ದಿನ, ಇಳಿಸುವುದು ಹೇಗೆಂದು ಕೇಳಬೇಕೆಂದವರಿಗೆ ಹೊತ್ತೇನೋ ಬೇಕಾದಷ್ಟಿತ್ತು.