ತಣ್ಣನೆಯ ಲಿವರ್

ಎಂಬತ್ಮೂರರ ಬೇಸಿಗೆ. ಗಂಗಾವತಿ ಹತ್ತಿರದ ಹೊಳೆಯಲ್ಲಿ ದೋಣಿಯ ಮೇಲೆ ಡೀಸೆಲ್ ಇಂಜಿನ್ ಇಟ್ಟು, ಒಣಗುತ್ತಿದ್ದ ಭತ್ತದ ಸಸಿಗೆ ನೀರೆತ್ತಬೇಕಿತ್ತು. ನಮ್ಮ ಯಜಮಾನರು ಹ್ಯಾಂಡಲ್ ತಿರುಗಿಸಬೇಕು, ವೇಗ ಬಂದೊಡನೆ ನಾನು ಇಂಜಿನ್ ತಲೆಯ ಮೇಲಿನ ಲಿವರ್ ಇಳಿಸಬೇಕು; ಅದು ಇಳಿದರೆ ಮಾತ್ರ ಇಂಜಿನ್ ಹೊತ್ತಿಕೊಳ್ಳುವುದು. ಓಲಾಡುವ ದೋಣಿಯಲ್ಲಿ ಅದು ಒಬ್ಬರಿಂದ ಆಗದ ಕೆಲಸ. ಡೀಸೆಲ್ ಪೈಪಿನಲ್ಲಿ ಸಿಕ್ಕಿದ್ದ ಗಾಳಿ ತೆಗೆದರೂ ಇಂಜಿನ್ ಆರು ಸಲ ನಿಂತಿತು. ಪ್ರತಿ ಸಲವೂ ಲಿವರ್ ತಾನೇ ಮೇಲೆದ್ದಿರುತ್ತಿತ್ತು. ಇಂಜಿನ್ ಕಾದಿದ್ದರೂ ಅದು ಮಾತ್ರ ಗಡಿಗೆಯ ನೀರಿನಂತೆ ತಣ್ಣಗಿತ್ತು.

“ಏ ಹುಲಗಮ್ಮ, ಒಂದು ಲಿವರ್ ಇಳಿಸಾಕ ಬರಂಗಿಲ್ಲೇನ ನಿನಗ?”

“ನಿಮ್ಮ ಮಷೀನಿಗೇ ಕೇಳ್ರಿ!” ಎಂದು ರೇಗಿ, ದಂಡೆಯ ಮೇಲೆ ಮಲಗಿಸಿದ್ದ ನಮ್ಮ ಕೂಸು ಅಳುತ್ತಿತ್ತೆಂದು, ಹಾಲೂಡಿಸಲು ದೋಣಿಯಿಳಿದು ಅಲ್ಲಿಗೆ ಬಂದು ಕುಳಿತೆ.

ಸ್ವಲ್ಪ ಹೊತ್ತಿಗೆ ಇಂಜಿನ್ ಶುರುವಾಯಿತು. ಬಗ್ಗಿದ ತಲೆ ಎತ್ತದೆಯೇ ಅವರು ಕೂಗಿದರು: “ಈಗ ಛಲೋ ಇಳಿಸಿದಿ ನೋಡು! ಕೈ ತೆಗೀಬ್ಯಾಡ!”

ನನ್ನ ಎರಡೂ ಕೈಯಲ್ಲಿ ಕೂಸಿತ್ತು. ಸಂಜೆತನಕ ಸಸಿಗೆ ನೀರು ಹರಿಯಿತು.